ತೊಟ್ಟಿಲಲ್ಲಿ ಬದಲಾದ ಕೂಸು

ಬೂಟು ಹೊಲಿಯುವ ಬಡವನೊಬ್ಬನ ಮನೆಗೆ ರಾತ್ರಿ ಹೊತ್ತು ಪುಟಾಣಿ ಕುಳ್ಳರು ಬಂದು, ಬೆಳಗಾಗುವುದರೊಳಗೆ ಬೂಟು ಹೊಲಿದಿಟ್ಟು ಹೋಗುತ್ತಿದ್ದ ಕಥೆ ಎಷ್ಟೋ ಮಕ್ಕಳಿಗೆ ಗೊತ್ತು. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ ಜನಪದ ಕಥೆಗಳ ಮೊದಲ ಸಂಪುಟದಲ್ಲಿ ಅದು ಬರುತ್ತದೆ. ಆದರೆ ಅಲ್ಲಿ ಅದು ಒಂಟಿ ಕಥೆಯಲ್ಲ. ಒಂದೇ ತಲೆಬರಹದ ಅಡಿಯಲ್ಲಿ ಕುಳ್ಳರ ಮೂರು ಕಥೆಗಳಿವೆ. ಮೂರನೆಯದು ತೀರಾ ಚಿಕ್ಕದು. ಮಕ್ಕಳ ಚಿತ್ರಪುಸ್ತಕಗಳಲ್ಲಿ ಅದು ಅಷ್ಟಾಗಿ ಕಾಣಸಿಗುವುದಿಲ್ಲ.

ಒಬ್ಬ ತಾಯಿ. ಅವಳ ಕೂಸನ್ನು ಕುಳ್ಳರು ತೊಟ್ಟಿಲಿನಿಂದ ಎತ್ತಿಕೊಂಡು ಹೋಗಿ, ಆ ಜಾಗದಲ್ಲಿ ದಪ್ಪ ತಲೆಯ, ಕಣ್ಣರಳಿಸಿ ದಿಟ್ಟಿಸುವ ಬೇರೊಂದು ಕೂಸನ್ನು ಮಲಗಿಸಿದ್ದಾರೆ. ಅದಕ್ಕೆ ತಿನ್ನುವುದು, ಕುಡಿಯುವುದು ಬಿಟ್ಟರೆ ಬೇರೇನೂ ಬೇಡ. ದಿಕ್ಕು ತೋಚದೆ ತಾಯಿ ನೆರೆಮನೆಯವಳ ಹತ್ತಿರ ಹೋಗುತ್ತಾಳೆ. ಅವಳು ಒಂದು ಉಪಾಯ ಹೇಳಿಕೊಡುತ್ತಾಳೆ: ಕೂಸನ್ನು ಒಲೆಯ ಬಳಿ ಕೂರಿಸು, ಎರಡು ಮೊಟ್ಟೆಯ ಚಿಪ್ಪಿನಲ್ಲಿ ನೀರು ಕಾಯಿಸು, ಅದನ್ನು ನೋಡಿ ಅದು ನಕ್ಕರೆ ಅದರ ಆಟ ಮುಗಿದಂತೆ. ತಾಯಿ ಹಾಗೆಯೇ ಮಾಡುತ್ತಾಳೆ. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಕೂಸು, ತನಗೆ ಕಾಡಿನಷ್ಟು ವಯಸ್ಸಾಗಿದ್ದರೂ ಚಿಪ್ಪಿನಲ್ಲಿ ಅಡುಗೆ ಮಾಡುವುದನ್ನು ಕಂಡಿರಲಿಲ್ಲ ಎಂದು ಹೇಳಿ ನಗತೊಡಗುತ್ತದೆ. ಕೂಡಲೇ ಕುಳ್ಳರು ಬಂದು ನಿಜವಾದ ಮಗುವನ್ನು ಇಳಿಸಿ, ತಮ್ಮದನ್ನು ಎತ್ತಿಕೊಂಡು ಹೋಗುತ್ತಾರೆ.

ಕಥೆ ಅಲ್ಲಿಗೆ ಮುಗಿಯಿತು. ಕೇಳುವ ಮಕ್ಕಳಿಗೆ ನಗು ಬರುತ್ತದೆ. ಆದರೆ ಮಾತನಾಡದೆ, ನಗದೆ, ಒಂದೇ ಸಮನೆ ದಿಟ್ಟಿಸುತ್ತಾ ಆ ತೊಟ್ಟಿಲಲ್ಲಿ ಮಲಗಿದ್ದ ಕೂಸು ಯಾವುದು?

ಇಂಥ ಕೂಸಿಗೆ ಇಂಗ್ಲಿಷಿನಲ್ಲಿ ಚೇಂಜ್‌ಲಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಬದಲಿ ಕೂಸು ಎನ್ನಬಹುದು. ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಜರ್ಮನಿ, ಸ್ವೀಡನ್, ನಾರ್ವೆ ಎಲ್ಲ ಕಡೆಯೂ ಈ ಕಥೆ ಇತ್ತು. ಎಳೆಯ ಮಗುವನ್ನು ಕದಿಯುವವರು ಐರ್ಲೆಂಡಿನಲ್ಲಿ ಫೇರಿಗಳು, ಸ್ವೀಡನ್ನಿನಲ್ಲಿ ಕಾಡಿನ ಟ್ರೋಲ್‌ಗಳು. ಫೇರಿ ಎಂದಾಕ್ಷಣ ರೆಕ್ಕೆ ಹಚ್ಚಿಕೊಂಡು ಹಾರುವ ಚೆಂದದ ಹುಡುಗಿಯನ್ನು ನೆನೆಯಬೇಕಾಗಿಲ್ಲ. ಹಳ್ಳಿಯ ಜನರ ಫೇರಿಗಳು ಊರಾಚೆಯ ದಿಬ್ಬಗಳಲ್ಲಿ ವಾಸಿಸುತ್ತಿದ್ದ, ಹೆಸರು ಹೇಳಲೂ ಜನ ಅಂಜುತ್ತಿದ್ದ ಒಂದು ಕುಲ. ಅವರಿಂದ ಕಾಪಾಡಲು ತೊಟ್ಟಿಲಿಗೆ ಅಡ್ಡಲಾಗಿ ಕಬ್ಬಿಣದ ಇಕ್ಕಳವನ್ನೋ ಕತ್ತರಿಯನ್ನೋ ಇಡುತ್ತಿದ್ದರು. ನಮ್ಮಲ್ಲೂ ಬಾಣಂತಿಯ ಕೋಣೆಯಲ್ಲಿ, ಕೂಸಿನ ತಲೆಯ ಹತ್ತಿರ ಚಾಕುವನ್ನೋ ಕಬ್ಬಿಣದ ತುಂಡನ್ನೋ ಇಡುವ ಅಜ್ಜಿಯರು ಇನ್ನೂ ಇದ್ದಾರಲ್ಲ! ಐರ್ಲೆಂಡಿನ ಪಶ್ಚಿಮ ಭಾಗದಲ್ಲಿ ಗಂಡುಮಕ್ಕಳಿಗೆ ಎಷ್ಟೋ ವರ್ಷದವರೆಗೆ ಲಂಗ ತೊಡಿಸುತ್ತಿದ್ದರು. ಫೇರಿಗಳಿಗೆ ಗಂಡುಕೂಸಿನ ಮೇಲೆಯೇ ಕಣ್ಣು, ಲಂಗ ನೋಡಿ ಮೋಸಹೋಗಲಿ ಎಂದು ಅದಕ್ಕೆ ಕಾರಣ ಕೊಡುತ್ತಿದ್ದರು.

ಬದಲಿ ಕೂಸಿನ ಗುರುತುಗಳೇನು? ಹುಟ್ಟಿದಾಗ ಎಲ್ಲ ಸರಿಯಿತ್ತು. ನಗುತ್ತಿತ್ತು, ಒಂದೆರಡು ಮಾತೂ ಬಂದಿತ್ತು. ಇದ್ದಕ್ಕಿದ್ದಂತೆ ಬದಲಾಯಿತು. ಈಗ ಕರೆದರೆ ತಿರುಗುವುದಿಲ್ಲ. ಎತ್ತಿಕೊಂಡರೆ ಕೊಸರಿಕೊಳ್ಳುತ್ತದೆ. ಕಾರಣವಿಲ್ಲದೆ ಗಂಟೆಗಟ್ಟಲೆ ಅಳುತ್ತದೆ. ಮಾತಿಲ್ಲ. ಆದರೆ ಯಾರೂ ಇಲ್ಲದಾಗ ತನ್ನಷ್ಟಕ್ಕೆ ಹಾಡಿಕೊಳ್ಳುತ್ತದೆ, ವಯಸ್ಸಿಗೆ ಮೀರಿದ ಯಾವುದೋ ಜಾಣತನ ತೋರಿಸುತ್ತದೆ.

ಇವತ್ತಿನ ಮಕ್ಕಳ ವೈದ್ಯರೊಬ್ಬರ ಮುಂದೆ ಈ ಗುರುತುಗಳನ್ನು ಹೇಳಿದರೆ ಅವರ ಮನಸ್ಸಿಗೆ ಬರುವ ಹೆಸರುಗಳಲ್ಲಿ ಆಟಿಸಂ ಖಂಡಿತ ಇರುತ್ತದೆ. ಆಟಿಸಂ ಇರುವ ಮಗು ಒಂದು ವರ್ಷದ ಹೊತ್ತಿಗೆ ಹೆಸರು ಹಿಡಿದು ಕರೆದರೂ ತಿರುಗದಿರಬಹುದು. ಚಂದಮಾಮನನ್ನು ತೋರಿಸಿದರೆ ಚಂದಮಾಮನನ್ನು ನೋಡುವ ಬದಲು ತೋರಿಸಿದ ಬೆರಳನ್ನು ನೋಡಬಹುದು. ಕೆಲವು ಮಕ್ಕಳು ಒಂದೂವರೆ ಎರಡು ವರ್ಷದ ಹೊತ್ತಿಗೆ ಕಲಿತಿದ್ದ ಮಾತನ್ನೂ ಕಳೆದುಕೊಳ್ಳುತ್ತವೆ. ನಿನ್ನೆಯವರೆಗೆ ‘ಅಮ್ಮ’ ಎನ್ನುತ್ತಿದ್ದ ಮಗು ಇವತ್ತು ಅನ್ನುವುದಿಲ್ಲ. ಮಿಕ್ಸಿಯ ಸದ್ದು, ಬಟ್ಟೆಯ ಹೊಲಿಗೆ, ಮೈಮುಟ್ಟುವ ಕೈ, ಬೇರೆಯವರಿಗೆ ಲೆಕ್ಕಕ್ಕೇ ಬಾರದ ಸಂಗತಿಗಳು ಅದಕ್ಕೆ ತಡೆಯಲಾರದ ಹಿಂಸೆ. ಇನ್ನೊಂದು ಮಾತು: ಆಟಿಸಂ ಗುರುತಿಸಲಾಗುವುದು ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಮೂರು ನಾಲ್ಕು ಪಟ್ಟು ಹೆಚ್ಚು. ಐರಿಷ್ ತಾಯಂದಿರ ಲಂಗದ ಉಪಾಯ ಇಲ್ಲಿ ನೆನಪಾದರೆ ಆಶ್ಚರ್ಯವಿಲ್ಲ.

ಈ ಹೋಲಿಕೆಯನ್ನು ಗಮನಿಸಿದವರು ಕಥೆಗಾರರಷ್ಟೇ ಅಲ್ಲ. ಸೂಸನ್ ಎಬರ್ಲಿ ಎಂಬ ವಿದ್ವಾಂಸೆ 1988ರಲ್ಲಿ ‘ಫೋಕ್‌ಲೋರ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಬದಲಿ ಕೂಸಿನ ಕಥೆಗಳನ್ನು ಅಂಗವೈಕಲ್ಯದ ಹಳೆಯ ವಿವರಣೆಗಳೆಂದು ಓದಿದರು. ಇಂಗ್ಲೆಂಡಿನ ಮನೋವೈದ್ಯೆ, ಆಟಿಸಂ ಇದ್ದ ಮಗಳ ತಾಯಿಯೂ ಆಗಿದ್ದ ಲೋರ್ನಾ ವಿಂಗ್, 1997ರಲ್ಲಿ ಆಟಿಸಂ ಕುರಿತ ವಿಚಾರಗಳ ಚರಿತ್ರೆಯನ್ನು ಬರೆಯುವಾಗ ಇದೇ ದಂತಕಥೆಗಳನ್ನು ಎತ್ತಿಕೊಂಡರು. 2005ರಲ್ಲಿ ಒಂದು ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಮೂವರು ಸಂಶೋಧಕಿಯರು, ಜನಪದದಲ್ಲಿ ಆಟಿಸಂಗೆ ಸಾಕ್ಷ್ಯ ಇದೆಯೇ ಎಂಬ ಪ್ರಶ್ನೆಯನ್ನೇ ತಲೆಬರಹವಾಗಿಟ್ಟು ಬರೆದರು.

ಆದರೆ ಅವಸರ ಬೇಡ. ಕಥೆಯನ್ನು ನಾಡಿ ಹಿಡಿದು ಪರೀಕ್ಷಿಸಲು ಆಗುವುದಿಲ್ಲ. ಬದಲಿ ಕೂಸುಗಳಲ್ಲಿ ಕೆಲವಕ್ಕೆ ಕೈಕಾಲು ಸೊಟ್ಟಗಿರುತ್ತವೆ, ಕೆಲವು ಎಷ್ಟು ತಿಂದರೂ ಬೆಳೆಯುವುದಿಲ್ಲ, ಕೆಲವು ಸೊರಗಿ ಸಾಯುತ್ತವೆ. ಇದು ಆಟಿಸಂ ಅಲ್ಲ. ಬುದ್ಧಿಮಾಂದ್ಯ, ಮಿದುಳಿನ ಪಾರ್ಶ್ವವಾಯು, ಥೈರಾಯ್ಡ್ ಕೊರತೆ, ಬರೀ ಹಸಿವು ಎಲ್ಲವೂ ಆ ಒಂದೇ ಹೆಸರಿನ ಕೆಳಗೆ ಸೇರಿಕೊಂಡಿದ್ದವು. ಆಟಿಸಂ ಇದ್ದ ಮಕ್ಕಳೂ ಅವುಗಳ ನಡುವೆ ಇದ್ದಿರಬೇಕು ಎಂಬಷ್ಟೇ ಹೇಳಬಹುದಾದ ಮಾತು.

ಕಥೆಯಿಂದ ತಾಯ್ತಂದೆಯರಿಗೆ ಏನು ಸಿಗುತ್ತಿತ್ತು ಎಂಬುದನ್ನು ಯೋಚಿಸಬೇಕು. ಮೊದಲು, ಸಮಾಧಾನ. ಈ ಮಗು ಹೀಗಿರುವುದು ನಮ್ಮ ರಕ್ತದಿಂದಲ್ಲ, ಇದು ನಮ್ಮದೇ ಅಲ್ಲ. ಎರಡನೆಯದಾಗಿ, ಆಸೆ. ನಮ್ಮ ನಿಜವಾದ ಮಗು ಎಲ್ಲೋ ಸುಖವಾಗಿದೆ, ಸರಿಯಾದ ಉಪಾಯ ಗೊತ್ತಾದರೆ ವಾಪಸು ಬರುತ್ತದೆ. ಇವೆರಡಕ್ಕೂ ಬೆಲೆ ಕೊಡಬೇಕಾದದ್ದು ಮಾತ್ರ ತೊಟ್ಟಿಲಲ್ಲಿದ್ದ ಕೂಸು. ಏಕೆಂದರೆ ಫೇರಿಗಳು ತಮ್ಮದನ್ನು ಬಂದು ಎತ್ತಿಕೊಂಡು ಹೋಗಬೇಕಾದರೆ ಅದು ಅಳಬೇಕು, ಅವರಿಗೆ ಕೇಳಿಸುವಷ್ಟು ಅಳಬೇಕು. ಮೊಟ್ಟೆಯ ಚಿಪ್ಪು ಕಥೆಯ ಮೃದುವಾದ ಮುಖ. ಚಾಟಿಯಿಂದ ಹೊಡೆಯುವುದು, ರಾತ್ರಿಯಿಡೀ ತಿಪ್ಪೆಯ ಮೇಲೆ ಮಲಗಿಸುವುದು, ಕಾದ ಸಲಿಕೆಯ ಮೇಲೆ ಕೂರಿಸುವುದು, ಫಾಕ್ಸ್‌ಗ್ಲೋವ್ ಎಂಬ ವಿಷದ ಗಿಡದ ರಸ ಕುಡಿಸುವುದು ಅದರ ಇನ್ನೊಂದು ಮುಖ.

ಇದು ಅನಕ್ಷರಸ್ಥ ಹಳ್ಳಿಗರ ಮೌಢ್ಯ ಮಾತ್ರವೆಂದು ತಿಳಿಯುವಂತಿಲ್ಲ. ಕ್ರೈಸ್ತ ಧರ್ಮದ ಮಹಾ ಸುಧಾರಕ ಮಾರ್ಟಿನ್ ಲೂಥರ್ ಊಟದ ಮೇಜಿನಲ್ಲಿ ಆಡುತ್ತಿದ್ದ ಮಾತುಗಳನ್ನು ಶಿಷ್ಯರು ಬರೆದಿಟ್ಟಿದ್ದಾರೆ. ಅದರಲ್ಲಿ ಡೆಸ್ಸೌ ಪಟ್ಟಣದ ಹನ್ನೆರಡು ವರ್ಷದ ಹುಡುಗನೊಬ್ಬನ ಪ್ರಸ್ತಾಪವಿದೆ. ತಿನ್ನುವುದು, ಯಾರಾದರೂ ಮುಟ್ಟಿದರೆ ಕಿರುಚುವುದು, ಇಷ್ಟೇ ಅವನ ದಿನಚರಿ. ಅವನು ಸೈತಾನನು ಬದಲಿಸಿಟ್ಟ ಆತ್ಮವಿಲ್ಲದ ಮಾಂಸದ ಮುದ್ದೆ, ಮುಲ್ಡೆ ನದಿಗೆ ಹಾಕಿಬಿಡುವುದು ಲೇಸು ಎಂದು ಲೂಥರ್ ಅಲ್ಲಿನ ಅರಸನಿಗೆ ಸಲಹೆ ಕೊಟ್ಟರೆಂದು ಆ ದಾಖಲೆ ಹೇಳುತ್ತದೆ. ಅರಸ ಒಪ್ಪಲಿಲ್ಲ. ಆ ಹುಡುಗನಿಗೆ ಆಟಿಸಂ ಇತ್ತೆಂದು ಈಚಿನ ಕೆಲವರು ಊಹಿಸಿದ್ದಾರೆ. ಇದ್ದರೂ ಇರಬಹುದು.

1826ರಲ್ಲಿ ಐರ್ಲೆಂಡಿನ ಟ್ರಲೀ ನ್ಯಾಯಾಲಯಕ್ಕೆ ಬಂದ ಮೊಕದ್ದಮೆಯಲ್ಲಿ ಊಹೆಗೆ ಕೆಲಸವಿಲ್ಲ. ಮೈಕೆಲ್ ಲೇಹಿ ಎಂಬ ನಾಲ್ಕು ವರ್ಷದ ಹುಡುಗ ನಿಲ್ಲಲಾರ, ಮಾತನಾಡಲಾರ. ಅವನೊಳಗಿನ ಫೇರಿಯನ್ನು ಹೊರಹಾಕಲು ಆನ್ ರೋಚ್ ಎಂಬ ಮುದುಕಿ ಅವನನ್ನು ಫ್ಲೆಸ್ಕ್ ನದಿಯಲ್ಲಿ ಮುಳುಗಿಸಿದಳು. ಹುಡುಗ ಸತ್ತ. ಕೊಲ್ಲುವ ಉದ್ದೇಶವಿರಲಿಲ್ಲ, ವಾಸಿ ಮಾಡುವ ನಂಬಿಕೆಯಿತ್ತು ಎಂದು ನ್ಯಾಯಾಲಯ ಅವಳನ್ನು ಬಿಟ್ಟುಬಿಟ್ಟಿತು. 1895ರ ಮಾರ್ಚ್‌ನಲ್ಲಿ ಟಿಪರೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಮೈಕೆಲ್ ಕ್ಲಿಯರಿ ಎಂಬಾತ, ಕಾಯಿಲೆ ಬಿದ್ದಿದ್ದ ತನ್ನ ಹೆಂಡತಿ ಬ್ರಿಜೆಟ್ ಬದಲಾಗಿದ್ದಾಳೆಂದು ನಂಬಿ, ಬಂಧುಗಳ ಕಣ್ಣೆದುರೇ ಅವಳನ್ನು ಸುಟ್ಟ. ನಿಜವಾದ ಬ್ರಿಜೆಟ್ ಬಿಳಿ ಕುದುರೆಯ ಮೇಲೆ ಬರುತ್ತಾಳೆಂದು ಫೇರಿಗಳ ದಿಬ್ಬದ ಬಳಿ ರಾತ್ರಿ ಕಾದು ಕುಳಿತಿದ್ದ! ಇಪ್ಪತ್ತು ವರ್ಷದ ಶಿಕ್ಷೆಯಾಯಿತು.

ಇದನ್ನೆಲ್ಲ ಓದಿ ನಮ್ಮವರು ಬೀಗುವುದೇನೂ ಬೇಡ. ಸುಶ್ರುತ ಸಂಹಿತೆ ಒಂಬತ್ತು ಬಾಲಗ್ರಹಗಳನ್ನು ಹೆಸರಿಸುತ್ತದೆ; ಸ್ಕಂದ, ಶಕುನಿ, ರೇವತಿ, ಪೂತನಾ ಮುಂತಾದವು. ಒಂದು ವ್ಯತ್ಯಾಸ ಮಾತ್ರ ಗಮನಿಸುವಂಥದ್ದು. ನಮ್ಮ ನಂಬಿಕೆಯಲ್ಲಿ ಗ್ರಹ ಮಗುವನ್ನು ‘ಹಿಡಿಯುತ್ತದೆ’, ಬದಲಿಸುವುದಿಲ್ಲ. ಹಿಡಿದದ್ದು ಬಿಡಬೇಕು, ಮಗು ಉಳಿಯಬೇಕು. ಹೀಗಾಗಿ ಮಗು ಕೊನೆಯವರೆಗೂ ನಮ್ಮದೇ. ಹಾಗೆಂದು ಅಂಥ ಮಕ್ಕಳ ಹೊಟ್ಟೆಯ ಮೇಲೆ, ಹಣೆಯ ಮೇಲೆ ಕಾದ ಬಳೆಯಿಂದ ಬರೆ ಹಾಕಿದ ಗುರುತುಗಳು ನಮ್ಮ ಹಳ್ಳಿಗಳಲ್ಲಿ ಕಾಣಸಿಗುವುದಿಲ್ಲವೇ? ನಂಬಿಕೆ ಬೇರೆ, ಸುಡುವ ಕಬ್ಬಿಣ ಒಂದೇ.

ಫೇರಿಗಳು ಹೋದರು, ವೈದ್ಯರು ಬಂದರು. ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಎಂಟು ಗಂಡು, ಮೂರು ಹೆಣ್ಣು. ಆಟಿಸಂ ಎಂಬ ಹೆಸರು ನೆಲೆಯೂರಿದ್ದು ಅಲ್ಲಿಂದ. ಮಾಸ್ಕೋದಲ್ಲಿ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆ 1925ರಷ್ಟು ಹಿಂದೆಯೇ ಇಂಥ ಹುಡುಗರ ಬಗ್ಗೆ ಬರೆದಿದ್ದರೂ ಆಕೆಯ ಹೆಸರು ಬೆಳಕಿಗೆ ಬಂದದ್ದು ಬಹಳ ತಡವಾಗಿ.

ವಿಜ್ಞಾನ ಬಂತು, ಸರಿ. ಕಥೆ ಹೋಯಿತೇ? ಬದಲಿ ಕೂಸಿನ ಕಥೆಯಲ್ಲಿ ತಪ್ಪು ಯಾವಾಗಲೂ ತಾಯಿಯದು. ಅವಳು ಕೂಸನ್ನು ಒಂಟಿಯಾಗಿ ಬಿಟ್ಟು ಹೋಗಿದ್ದಳು, ಇಕ್ಕಳ ಇಡಲು ಮರೆತಿದ್ದಳು. ಇಪ್ಪತ್ತನೆಯ ಶತಮಾನದಲ್ಲೂ ಹಾಗೆಯೇ ಆಯಿತು. ತಾಯಿಯ ಮನಸ್ಸು ಮಂಜುಗಡ್ಡೆಯಂತೆ ತಣ್ಣಗಿದ್ದುದರಿಂದ ಮಗು ತನ್ನೊಳಗೆ ಅಡಗಿತು ಎಂದು ದೊಡ್ಡ ದೊಡ್ಡ ತಜ್ಞರು ಹೇಳಿದರು. ‘ಫ್ರಿಜ್ ತಾಯಿ’ ಎಂಬ ಅಡ್ಡಹೆಸರೇ ಹುಟ್ಟಿತು. ಶಿಕಾಗೋದ ಬ್ರೂನೋ ಬೆಟೆಲ್‌ಹೈಮ್ 1967ರಲ್ಲಿ ಬರೆದ ‘ದಿ ಎಂಪ್ಟಿ ಫೋರ್ಟ್ರೆಸ್’ ಈ ವಾದವನ್ನು ಮನೆಮನೆಗೆ ಮುಟ್ಟಿಸಿತು. ಹೆಸರು ನೋಡಿ: ಬರಿದಾದ ಕೋಟೆ! ಒಳಗೆ ಇರಬೇಕಾದ ಮಗು ಇಲ್ಲ ಎಂಬ ಹಳೆಯ ಮಾತೇ ಅಲ್ಲವೇ ಇದು? ಸ್ವತಃ ಆಟಿಸಂ ಇದ್ದ ಮಗನ ತಂದೆಯಾಗಿದ್ದ ಮನೋವಿಜ್ಞಾನಿ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ಇದನ್ನು ಖಂಡಿಸಿ, ಕಾರಣ ಮಿದುಳಿನ ಬೆಳವಣಿಗೆಯಲ್ಲಿದೆ ಎಂದು ಬರೆದಿದ್ದರು. 1977ರಲ್ಲಿ ಅವಳಿ ಮಕ್ಕಳ ಅಧ್ಯಯನ ಅನುವಂಶೀಯತೆಯ ಪಾತ್ರವನ್ನು ತೋರಿಸಿಕೊಟ್ಟಿತು. ಅಷ್ಟರಲ್ಲಿ ಎಷ್ಟು ತಾಯಂದಿರು ತಮ್ಮನ್ನು ತಾವೇ ಶಪಿಸಿಕೊಂಡು ಕಣ್ಣೀರು ಹಾಕಿದರೋ.

ಕಥೆಯ ಇನ್ನೊಂದು ಎಳೆ, ಚೆನ್ನಾಗಿದ್ದ ಮಗುವನ್ನು ಒಂದು ದಿನ ಯಾರೋ ಕದ್ದರು ಎಂಬುದು. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ವೈದ್ಯ, ಕೇವಲ ಹನ್ನೆರಡು ಮಕ್ಕಳ ವಿವರ ಇಟ್ಟುಕೊಂಡು ದಡಾರ ಮುಂತಾದವುಗಳ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದಾಗ ಲೋಕವೇ ನಂಬಿತು. 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು, ಅದೇ ವರ್ಷ ಆತನ ಹೆಸರನ್ನು ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ಅಭ್ಯಸಿಸಿ 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಂಥ ನಂಟು ಸಿಗಲಿಲ್ಲ. ಮಾತು ನಿಲ್ಲುವ ವಯಸ್ಸೂ ಲಸಿಕೆ ಹಾಕಿಸುವ ವಯಸ್ಸೂ ಹತ್ತಿರ ಹತ್ತಿರ ಬರುತ್ತವೆ, ಅಷ್ಟೆ. ಆದರೂ ನಂಬುವವರು ಇದ್ದಾರೆ. ಕಳ್ಳ ಸಿಕ್ಕಿದರೆ ಕಳವಾದದ್ದೂ ಸಿಕ್ಕೀತು ಎಂಬ ಆಸೆಯನ್ನು ಅಂಕಿಸಂಖ್ಯೆಗಳಿಂದ ಕರಗಿಸುವುದು ಸುಲಭವಲ್ಲ.

ಈ ಕಥೆಗೆ ಬದಲಿ ಕೂಸಿನ ಕಡೆಯಿಂದಲೇ ಉತ್ತರ ಬಂದದ್ದು 1993ರಲ್ಲಿ. ಕೆನಡಾದ ಟೊರಾಂಟೋದಲ್ಲಿ ಆಟಿಸಂ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ. ಹೆತ್ತವರೇ ತುಂಬಿದ್ದ ಸಭೆಗೆ, ಸ್ವತಃ ಆಟಿಸಂ ಇದ್ದ ಜಿಮ್ ಸಿಂಕ್ಲೇರ್ ತಮಗಾಗಿ ಶೋಕಿಸಬೇಡಿರೆಂದು ಕೇಳಿಕೊಂಡರು. ಅವರ ಮಾತಿನ ಸಾರ ಹೀಗಿತ್ತು: ನೀವು ಅಳುತ್ತಿರುವುದು ಕಳೆದುಹೋದ ಮಗುವಿಗಾಗಿ ಅಲ್ಲ, ನೀವು ಕಾದಿದ್ದ, ಎಂದೂ ಹುಟ್ಟದ ಮಗುವಿಗಾಗಿ. ಆ ದುಃಖ ನಿಜ, ಅದನ್ನು ಅತ್ತು ಮುಗಿಸಿ. ಆದರೆ ಆಟಿಸಂ ಎಂಬ ಚಿಪ್ಪಿನೊಳಗೆ ಬೇರೊಂದು ಸಾಮಾನ್ಯ ಮಗು ಅಡಗಿ ಕುಳಿತಿಲ್ಲ. ನಿಮ್ಮೆದುರಿಗಿರುವ ನಾವೇ ನಿಮ್ಮ ಮಕ್ಕಳು, ನಮಗೆ ನೀವು ಬೇಕು. ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ ಮನುಷ್ಯರ ನಡುವೆ ತಮಗಾಗುವ ಅನುಭವವನ್ನು ಮಂಗಳ ಗ್ರಹಕ್ಕೆ ಹೋದ ಮಾನವಶಾಸ್ತ್ರಜ್ಞೆಯ ಸ್ಥಿತಿಗೆ ಹೋಲಿಸಿದ್ದರು. ಆಲಿವರ್ ಸ್ಯಾಕ್ಸ್ ತಮ್ಮ 1995ರ ಪುಸ್ತಕಕ್ಕೆ ಅದನ್ನೇ ಹೆಸರಾಗಿಟ್ಟರು. ಬೇರೆ ಲೋಕದಿಂದ ಬಂದಂತೆ ಅನ್ನಿಸುವುದು ನೋಡುವವರಿಗೆ ಮಾತ್ರವಲ್ಲ ಎಂದಾಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಪ್ರತಿ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಅಂದಮೇಲೆ ಸಾವಿರ ಮಕ್ಕಳ ಶಾಲೆಯಲ್ಲಿ ಏಳೆಂಟು ಮಕ್ಕಳಾದರೂ ಇರಬೇಕು. ‘ಅದರಪ್ಪನೂ ತಡವಾಗಿಯೇ ಮಾತು ಕಲಿತಿದ್ದ’ ಎಂದು ಅಜ್ಜಿಯ ಮಾತು ಕೇಳಿ ವರ್ಷಗಟ್ಟಲೆ ಕಾಯುವ ಮನೆಗಳು ನಮ್ಮಲ್ಲಿ ಬಹಳ. ಕಾಯುವುದರಿಂದ ಲಾಭವಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಪರೀಕ್ಷೆಗೆ ವ್ಯವಸ್ಥೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಇಪ್ಪತ್ತೊಂದು ವಿಭಾಗಗಳಲ್ಲಿ ಆಟಿಸಂ ಕೂಡ ಸೇರಿದೆ. ಮಾತಿನ ತರಬೇತಿ, ಚಿತ್ರಗಳ ಮೂಲಕ ಸಂವಹನ, ದಿನಚರಿಯ ಕಲಿಕೆ, ಇವು ಚಿಕ್ಕಂದಿನಲ್ಲೇ ಶುರುವಾದಷ್ಟೂ ಮಗುವಿಗೆ ಸಲೀಸು. ಇವು ಬೇರೆ ಮಗುವನ್ನು ತಂದುಕೊಡುವುದಿಲ್ಲ, ಇರುವ ಮಗುವಿಗೆ ಬದುಕನ್ನು ಹಗುರ ಮಾಡುತ್ತವೆ.

ಸಿಂಕ್ಲೇರ್ ಮಾತಿಗೆ ಬಹಳ ಮೊದಲೇ, 1915ರಲ್ಲಿ, ನೊಬೆಲ್ ಸಾಹಿತ್ಯ ಪ್ರಶಸ್ತಿ ಪಡೆದ ಮೊದಲ ಮಹಿಳೆ, ಸ್ವೀಡನ್ನಿನ ಸೆಲ್ಮಾ ಲಾಗರ್‌ಲಾಫ್, ಬದಲಿ ಕೂಸಿನ ಕಥೆಯನ್ನು ಒಳಹೊರಗು ಮಾಡಿ ಬರೆದಿದ್ದರು. ಟ್ರೋಲ್ ಒಂದು ರೈತನ ಮಗನನ್ನು ಒಯ್ದು ತನ್ನ ಕೂಸನ್ನು ಬಿಟ್ಟುಹೋಗುತ್ತದೆ. ಊರಿನವರೆಲ್ಲ ಅದನ್ನು ಹೊಡೆ, ಬಡಿ ಎನ್ನುತ್ತಾರೆ. ರೈತನಿಗೂ ಅದನ್ನು ಕಂಡರಾಗದು. ಹೆಂಡತಿ ಮಾತ್ರ ಅಡ್ಡ ಬರುತ್ತಾಳೆ, ಹೊತ್ತಿ ಉರಿಯುವ ಮನೆಯೊಳಗೆ ನುಗ್ಗಿ ಆ ಕೂಸನ್ನು ಹೊರತರುತ್ತಾಳೆ. ಬೇಸತ್ತ ಗಂಡ ಮನೆ ಬಿಟ್ಟು ಹೊರಡುತ್ತಾನೆ. ಕಾಡಿನ ದಾರಿಯಲ್ಲಿ ಎದುರಿಗೆ ಬರುತ್ತಾನೆ ಅವನದೇ ಮಗ! ಇಲ್ಲಿ ಟ್ರೋಲಿನ ಕೂಸಿಗೆ ಆದದ್ದೆಲ್ಲ ಅಲ್ಲಿ ತನಗೂ ಆಗುತ್ತಿತ್ತು, ಇಲ್ಲಿ ಅಮ್ಮ ಅದನ್ನು ಕಾಪಾಡಿದಾಗಲೆಲ್ಲ ಅಲ್ಲಿ ತಾನು ಉಳಿದುಕೊಂಡೆ ಎಂದು ಅವನು ಹೇಳುತ್ತಾನೆ.

ಎಷ್ಟಾದರೂ ಅದು ಕಥೆ, ಕೊನೆಗೆ ಬೇರೊಬ್ಬ ಮಗ ಬರುತ್ತಾನೆ. ಕ್ಯಾನರ್ ಅವರ ಪಟ್ಟಿಯಲ್ಲಿ ಮೊದಲಿಗನಾಗಿದ್ದ ಡೊನಾಲ್ಡ್ ಟ್ರಿಪ್ಲೆಟ್‌ನ ಮನೆಯಲ್ಲಿ ಹಾಗಾಗಲಿಲ್ಲ. ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಪುಟ್ಟ ಊರಿನ ಹುಡುಗ. ಯಾರ ಕಡೆಗೂ ನೋಡುತ್ತಿರಲಿಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ನೆಲದ ಮೇಲೆ ಬುಗುರಿಯಂತೆ ತಿರುಗಿಸುತ್ತಿದ್ದ. ವೈದ್ಯರ ಸಲಹೆಯಂತೆ 1937ರಲ್ಲಿ, ಇನ್ನೂ ನಾಲ್ಕು ತುಂಬುವ ಮೊದಲೇ, ಅವನನ್ನು ಒಂದು ಸಂಸ್ಥೆಗೆ ಸೇರಿಸಿ ಬಂದರು. ಒಂದು ವರ್ಷದ ನಂತರ ತಾಯ್ತಂದೆ ಹೋಗಿ ಅವನನ್ನೇ ಮನೆಗೆ ಕರೆತಂದರು. ತಂದೆ ಅವನ ಬಗ್ಗೆ ಮೂವತ್ತಮೂರು ಪುಟಗಳ ಪತ್ರ ಬರೆದು ಕ್ಯಾನರ್‌ಗೆ ಕಳುಹಿಸಿದರು. ಮುಂದೆ ಡೊನಾಲ್ಡ್ ಪದವಿ ಪಡೆದ, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದ, ಕಾರು ಓಡಿಸಿದ, ಗಾಲ್ಫ್ ಆಡಿದ, ಒಬ್ಬನೇ ದೇಶವಿದೇಶ ಸುತ್ತಿದ. 2023ರಲ್ಲಿ ತೀರಿಕೊಂಡಾಗ ಅವನಿಗೆ 89 ವರ್ಷ.

ಅದಕ್ಕೂ ಮೊದಲು, ಒಂಬತ್ತರ ವಯಸ್ಸಿನ ಸುಮಾರಿಗೆ, ಅವನನ್ನು ಊರಿನ ಹತ್ತಿರದ ರೈತ ದಂಪತಿಗಳ ಮನೆಯಲ್ಲಿ ಬಿಡಲಾಗಿತ್ತು. ಅವರೇನೂ ತಜ್ಞರಲ್ಲ. ಹುಡುಗನಿಗೆ ಅಳೆಯುವ ಹುಚ್ಚು ಹಿಡಿದಾಗ ಒಂದು ಬಾವಿ ತೋಡಲು ಹಚ್ಚಿ, ಎಷ್ಟು ಆಳವಾಯಿತು ಹೇಳು ಎಂದರು. ಸತ್ತ ಹಕ್ಕಿ, ಹುಳುಗಳನ್ನು ಕೂಡಿಹಾಕತೊಡಗಿದಾಗ ಬೈಯದೆ, ಅವಕ್ಕೊಂದು ಸ್ಮಶಾನ ಮಾಡು ಎಂದು ಜಾಗ ತೋರಿಸಿದರು. ಜೋಳದ ಸಾಲುಗಳನ್ನು ಎಣಿಸುತ್ತಲೇ ಇರುತ್ತಾನೆಂದು ಗೊತ್ತಾದಾಗ, ಉಳುತ್ತಾ ಎಣಿಸು ಎಂದು ನೇಗಿಲು ಕೊಟ್ಟರು. ಕ್ಯಾನರ್ ಅವನನ್ನು ನೋಡಲು ಹೋದ ದಿನ ಹುಡುಗ ಆರು ಉದ್ದನೆಯ ಸಾಲು ಉತ್ತು ತೋರಿಸಿದ, ಪ್ರತಿ ಸಾಲಿನ ಕೊನೆಗೂ ಕುದುರೆಯನ್ನು ತಾನೇ ತಿರುಗಿಸಿಕೊಂಡು ಬಂದ.